ಮದ್ದೂರು ಪೇಟೆಬೀದಿಯಲ್ಲಿ ನಮ್ಮ ತಾತನ ಗ್ರಂದಿಗೆ ಅಂಗಡಿ ಎಲ್ಲಿತ್ತು? ಹಳಬರು ಯಾರಾದರೂ ಗುರುತು ಹಿಡಿಯಬಲ್ಲಿರಾ?

ಗ್ರಂದಿಗೆ ಮೊಮ್ಮಗಳು, ಮೈಸೂರು

ನಮ್ಮ ತಾತ ಮದ್ದೂರಿನಲ್ಲಿ ಗ್ರಂದಿಗೆ ಅಂಗಡಿ ಇಟ್ಟಿದ್ದರು. ಅರಿಶಿನ, ಕುಂಕುಮ, ಕರ್ಪೂರ, ಗೆಜ್ಜೆವಸ್ತ್ರ, ಮದುವೆಯ ಬಾಸಿಂಗ, ಬಾಣಂತಿ ಲೇಹ್ಯಕ್ಕೆ ಬೇಕಾದ ಹಿಪ್ಪಲಿ, ಜ್ಯೇಷ್ಠಮಧು ಎಲ್ಲ ಅಲ್ಲಿ ಸಿಗುತ್ತಿತ್ತಂತೆ. ನಾನು ಹುಟ್ಟುವ ಹೊತ್ತಿಗೆ ಅಂಗಡಿ ಮುಚ್ಚಿ ಮನೆಯವರೆಲ್ಲ ಮೈಸೂರು ಸೇರಿಯಾಗಿತ್ತು. ಈಗ ಅದು ಯಾವ ಜಾಗದಲ್ಲಿತ್ತು ಎಂಬುದರ ಮೇಲೆ ನಮ್ಮ ಮನೆಯಲ್ಲಿ ಜಗಳ. ಚಿಕ್ಕಪ್ಪನ ಪ್ರಕಾರ ಪೇಟೆಬೀದಿಯಲ್ಲೇ, ಹೋಟೆಲಿಗೆ ಎದುರು. ದೊಡ್ಡತ್ತೆಯ ಪ್ರಕಾರ ಪೇಟೆಬೀದಿ ಅಲ್ಲವೇ ಅಲ್ಲ, ಒಳಗಿನ ಅಡ್ಡಬೀದಿ, ಬಾವಿಯ ಪಕ್ಕ. ಇಬ್ಬರೂ ಆಣೆ ಪ್ರಮಾಣಕ್ಕೆ ಸಿದ್ಧ. ಕಳೆದ ಹಬ್ಬದ ಊಟ ಈ ವಾದದಲ್ಲೇ ತಣ್ಣಗಾಯಿತು.

ನಾನು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುವವಳು. ಬಾಯಿಮಾತಿಗಿಂತ ಕಾಗದದ ಮೇಲೆ ನನಗೆ ನಂಬಿಕೆ ಹೆಚ್ಚು. ಟ್ರಂಕಿನಲ್ಲಿ ಸಿಕ್ಕಿದ ಕಾಗದಗಳು ಇವು:

ಮೊದಲನೆಯದು ಬಾಡಿಗೆ ಕರಾರು, 1954ರದು. ಬಾಡಿಗೆ ತಿಂಗಳಿಗೆ ಹನ್ನೆರಡು ರೂಪಾಯಿ ಎಂಟಾಣೆ. ಬೀದಿಯ ಹೆಸರೇ ಇಲ್ಲ! ಚಕ್ಕುಬಂದಿ ಮಾತ್ರ ಇದೆ: ‘ಪೂರ್ವಕ್ಕೆ ಗಾಣದವರ ಬಾಬ್ತು ಮನೆ, ಪಶ್ಚಿಮಕ್ಕೆ ಸಂದು, ದಕ್ಷಿಣಕ್ಕೆ ಮಾಲೀಕರ ಸ್ವಂತ ಹಿತ್ತಲು, ಉತ್ತರಕ್ಕೆ ಬೀದಿ.’

ಎರಡನೆಯದು ಖಾಲಿ ಬಿಲ್ ಪುಸ್ತಕ. ತಲೆಬರಹದಲ್ಲಿ ‘ಪೇಟೆ ಬೀದಿ, ಮದ್ದೂರು’ ಎಂದು ಅಚ್ಚಾಗಿದೆ. ಚಿಕ್ಕಪ್ಪ ಇದನ್ನು ತೋರಿಸಿಯೇ ಗೆದ್ದೆ ಎನ್ನುತ್ತಾರೆ. ದರದ ಮನೆಯಲ್ಲಿ ‘ರೂ.’ ಮತ್ತು ‘ನ.ಪೈ.’ ಎಂದಿದೆ, ಪಿನ್ ಕೋಡ್ ಇಲ್ಲ.

ಮೂರನೆಯದು ಒಂದು ಫೋಟೋ, ಆಯುಧಪೂಜೆಯ ದಿನದ್ದು. ಕಲ್ಲಿನ ಜಗಲಿ, ಎರಡೂ ಕಡೆ ಕಟ್ಟಿದ ಬಾಳೆಕಂದು, ಒಡೆದ ಬೂದುಗುಂಬಳ. ತಾತ ಕಪ್ಪು ಟೋಪಿ ಹಾಕಿಕೊಂಡು ಯಾರಿಗೋ ಸಾಲ ಕೇಳಲು ಹೊರಟವರಂತೆ ಗಂಭೀರವಾಗಿ ನಿಂತಿದ್ದಾರೆ. ಬಾಗಿಲಿನ ಹಲಗೆಗಳನ್ನು ತೆಗೆದು ಗೋಡೆಗೆ ಒರಗಿಸಿದ್ದಾರೆ, ಮುಂದಿನ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ‘೯’ ಎಂದು ಬರೆದಿದೆ. ಅಂಗಡಿಯ ಮುಖಕ್ಕೆ ಚೆನ್ನಾಗಿ ಬಿಸಿಲು ಬಿದ್ದಿದೆ. ಬೋರ್ಡು ಅರ್ಧ ಕತ್ತರಿಸಿಹೋಗಿದೆ.

ಸಾಲದ ಪುಸ್ತಕವೂ ಒಂದಿದೆ, ಆದರೆ ಅದರಲ್ಲಿ ವಿಳಾಸ ಗಿಳಾಸ ಏನೂ ಇಲ್ಲ.

ಪೇಟೆಬೀದಿಯನ್ನು ಅಗಲ ಮಾಡುವ ಮಾತು ಮತ್ತೆ ಮತ್ತೆ ಏಳುತ್ತಿದೆ. ಹೆದ್ದಾರಿಯನ್ನು ನಾಲ್ಕು ಪಥ ಮಾಡಿದಾಗ ರಸ್ತೆಬದಿಯ ಕಟ್ಟಡಗಳ ಮುಖ ಹೋದದ್ದನ್ನು ನೋಡಿದ್ದೇವೆ. ಇಲ್ಲಿಯೂ ಹಾಗಾಗುವ ಮೊದಲು ಗುರುತು ಹಿಡಿಯಬೇಕು ಎಂಬ ಆಸೆ. ಜಾಗದ ಮೇಲೆ ಹಕ್ಕು ಕೇಳುವ ಉದ್ದೇಶ ಖಂಡಿತ ಇಲ್ಲ, ಅದು ಬಾಡಿಗೆ ಅಂಗಡಿ.

ವಡೆಪ್ರಿಯ, ಚನ್ನಪಟ್ಟಣ

ಮದ್ದೂರಿನಲ್ಲಿ ಜಾಗದ ತಕರಾರು ಇಲ್ಲದ ಹಳೆಯ ವ್ಯಾಪಾರ ಒಂದೇ, ರೈಲು ನಿಲ್ದಾಣದ ವಡೆ. 1917ರಿಂದ ಎನ್ನುತ್ತಾರೆ. ನಿಲ್ದಾಣ ಎಲ್ಲಿದೆಯೋ ವಡೆ ಅಲ್ಲಿ. ನಿಮ್ಮ ತಾತ ಅದರ ಪಕ್ಕ ಅಂಗಡಿ ಇಟ್ಟಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಸರಪಳಿ, ಮಂಡ್ಯ

ಮೇಡಂ, ನಾನು ನಿವೃತ್ತ ಭೂಮಾಪಕ. ಮದ್ದೂರು ತಾಲ್ಲೂಕಿನಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ಕಾಗದಗಳನ್ನು ಒಟ್ಟಿಗೆ ಇಟ್ಟು ಓದಬೇಡಿ, ಒಂದೊಂದನ್ನೂ ಅದರ ಕಾಲಕ್ಕೆ ಬಿಟ್ಟು ಓದಿ.

ಬಿಲ್ ಪುಸ್ತಕದಲ್ಲಿ ‘ನ.ಪೈ.’, ಅಂದರೆ ನಯೇ ಪೈಸೆ, ಇದೆ ಎಂದಿರಿ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ‘ನಯೇ’ ಎಂಬುದನ್ನು ಕೈಬಿಟ್ಟದ್ದು 1964ರ ಜೂನ್‌ನಲ್ಲಿ. ಅಂದರೆ ಅದನ್ನು ಅಚ್ಚು ಹಾಕಿಸಿದ್ದು ಈ ಏಳು ವರ್ಷಗಳ ಒಳಗೆ. ಪಿನ್ ಕೋಡ್ 1972ರ ಆಗಸ್ಟ್ 15ರಿಂದ ಬಂತು, ಅದು ಇಲ್ಲದಿರುವುದು ಈ ಲೆಕ್ಕಕ್ಕೆ ಹೊಂದುತ್ತದೆ. ತಲೆಬರಹದಲ್ಲಿ ಮಾರಾಟ ತೆರಿಗೆಯ ಸಂಖ್ಯೆ ಇದ್ದರೆ ನೋಡಿ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು, ಅದಕ್ಕೂ ಮೊದಲು ‘ಮೈಸೂರು ಮಾರಾಟ ತೆರಿಗೆ’ ಎಂದೇ ಇರುತ್ತಿತ್ತು. ಹೀಗಾಗಿ ಕರಾರಿಗೂ ಬಿಲ್ಲಿಗೂ ಕನಿಷ್ಠ ಎರಡು ವರ್ಷಕ್ಕೂ ಮೀರಿದ ಅಂತರವಿದೆ. ಅಷ್ಟರಲ್ಲಿ ಅಂಗಡಿ ಜಾಗ ಬಿಟ್ಟಿಲ್ಲ ಎಂದು ಹೇಗೆ ಹೇಳುತ್ತೀರಿ?

ಇನ್ನು ಫೋಟೋ. ಕರಾರಿನ ಪ್ರಕಾರ ಉತ್ತರಕ್ಕೆ ಬೀದಿ, ಅಂದರೆ ಅಂಗಡಿಯ ಮುಖ ಉತ್ತರಕ್ಕೆ. ಮದ್ದೂರು ಇರುವುದು ಉತ್ತರ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯ ಆಸುಪಾಸಿನಲ್ಲಿ. ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಹೋಗುವುದು ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಾತ್ರ. ಆಯುಧಪೂಜೆಯ ಹೊತ್ತಿಗೆ ಸೂರ್ಯ ಬೆಳಗಿನಿಂದ ಸಂಜೆಯವರೆಗೆ ದಕ್ಷಿಣಕ್ಕೇ ವಾಲಿರುತ್ತಾನೆ. ಉತ್ತರಮುಖದ ಅಂಗಡಿಯ ಮುಂಭಾಗಕ್ಕೆ ಆ ದಿನ ನೇರ ಬಿಸಿಲು ಬೀಳುವುದು ಸಾಧ್ಯವೇ ಇಲ್ಲ. ನಿಮ್ಮ ಫೋಟೋದಲ್ಲಿ ಬಿಸಿಲಿದೆ. ಆದ್ದರಿಂದ ಫೋಟೋದ ಅಂಗಡಿ ಬೇರೆ, ಕರಾರಿನ ಅಂಗಡಿ ಬೇರೆ. ನಿಮ್ಮ ಅತ್ತೆ ಚಿಕ್ಕಪ್ಪನಿಗಿಂತ ಎಷ್ಟು ದೊಡ್ಡವರು?

ಬಾಳೆಕಂದಿನ ನೆರಳು ಗೋಡೆಯ ಮೇಲೆ ಯಾವ ಕಡೆ ಬಿದ್ದಿದೆ ಎಂಬುದನ್ನೂ ತಿಳಿಸಿ. ನೆಗೆಟಿವ್ ತಿರುಗುಮುರುಗಾಗಿ ಅಚ್ಚಾಗಿಲ್ಲ ಎಂಬುದಕ್ಕೆ ಆ ‘೯’ ಮತ್ತು ಬೋರ್ಡಿನ ಅಕ್ಷರಗಳೇ ಸಾಕ್ಷಿ, ಅದನ್ನು ಬಿಡಿ.

ಒಂದು ಮಾತು ಸೇರಿಸುತ್ತೇನೆ. ‘ಹಳೆಯ ಕಟ್ಟಡ ಅಲ್ಲೇ ಇದೆಯಲ್ಲ, ಅದರ ಪಕ್ಕ’ ಎಂದು ಯಾರಾದರೂ ಹೇಳಿದರೆ ಆ ಕಟ್ಟಡವನ್ನೂ ಅಳೆದು ನೋಡಬೇಕು. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಇನ್ನು ಐವತ್ತು ವರ್ಷ ಕಳೆದ ಮೇಲೆ ಅದನ್ನು ನಂಬಿ ಅಳತೆ ಹಿಡಿದವನ ಗತಿ ಏನು?

ಗ್ರಂದಿಗೆ ಮೊಮ್ಮಗಳು, ಮೈಸೂರು

ಸರ್, ದೊಡ್ಡತ್ತೆ ಚಿಕ್ಕಪ್ಪನಿಗಿಂತ ಹನ್ನೊಂದು ವರ್ಷ ದೊಡ್ಡವರು. 1954ರಲ್ಲಿ ಚಿಕ್ಕಪ್ಪ ತೊಟ್ಟಿಲಲ್ಲಿದ್ದರು. ಹಾಗಾದರೆ ಇಬ್ಬರ ಮಾತೂ ನಿಜ ಇರಬಹುದು ಎಂದು ಇಬ್ಬರಿಗೂ ಹೇಳಿದೆ. ಇಬ್ಬರಿಗೂ ಸಮಾಧಾನವಾಗಲಿಲ್ಲ, ಎದುರು ಪಕ್ಷ ಸೋಲದೆ ತಾನು ಗೆಲ್ಲುವುದು ನಮ್ಮ ಮನೆಯವರಿಗೆ ರುಚಿಸುವುದಿಲ್ಲ.

ನೆರಳು ಫೋಟೋದ ಬಲಗಡೆಗೆ ಉದ್ದವಾಗಿ ಬಿದ್ದಿದೆ. ಬಿಲ್ಲಿನಲ್ಲಿ ‘ಮೈಸೂರು ಮಾರಾಟ ತೆರಿಗೆ’ ಎಂದೇ ಇದೆ.

ಸರಪಳಿ, ಮಂಡ್ಯ

ಬಲಗಡೆಗೆ ಎಂದರೆ ಎರಡು ದಾರಿ. ಅಂಗಡಿ ಪೂರ್ವಕ್ಕೆ ಮುಖ ಮಾಡಿದ್ದು ಫೋಟೋ ಬೆಳಿಗ್ಗೆ ತೆಗೆದಿದ್ದರೆ ನೆರಳು ಗೋಡೆಯ ಮೇಲೆ ಸ್ವಲ್ಪ ಬಲಕ್ಕೆ ಸರಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ್ದು ಮಧ್ಯಾಹ್ನದ ಮೇಲೆ ತೆಗೆದಿದ್ದರೆ ಉದ್ದಕ್ಕೆ ಬಲಕ್ಕೆ ಚಾಚುತ್ತದೆ. ಪೂಜೆ ಸಾಮಾನ್ಯವಾಗಿ ಬೆಳಿಗ್ಗೆ. ಆದ್ದರಿಂದ ನನ್ನ ಒಲವು ಪೂರ್ವಮುಖದ ಕಡೆಗೆ.

ಹೊಳೆಬೀದಿ ಅಜ್ಜಿ, ಬೆಂಗಳೂರು

ಮಗಳೇ, ನಾನು ಮದ್ದೂರಿನಲ್ಲೇ ಹುಟ್ಟಿ ಬೆಳೆದವಳು. ಮದುವೆಯಾಗಿ ಬೆಂಗಳೂರಿಗೆ ಬಂದೆ. ಇದನ್ನು ನನ್ನ ಮೊಮ್ಮಗ ಬರೆದುಕೊಡುತ್ತಿದ್ದಾನೆ.

ಸರಪಳಿಯವರು ಭೂಮಿ ಅಳೆದಿದ್ದಾರೆ, ಅಂಗಡಿ ನಡೆಸಿಲ್ಲ ಎಂದು ಕಾಣುತ್ತದೆ. ಗ್ರಂದಿಗೆ ಅಂಗಡಿಯವನಿಗೆ ಆಯುಧಪೂಜೆಯ ಬೆಳಿಗ್ಗೆ ಪುರುಸೊತ್ತು ಎಲ್ಲಿ ಬರಬೇಕು? ಊರಿನವರೆಲ್ಲ ಅರಿಶಿನ, ಕುಂಕುಮ, ಕರ್ಪೂರ, ಊದುಬತ್ತಿಗೆ ಅವನ ಜಗಲಿ ಮೇಲೇ ನಿಂತಿರುತ್ತಾರೆ. ಅವನು ತನ್ನ ತಕ್ಕಡಿಗೆ ಪೂಜೆ ಮಾಡುವುದು ಗಿರಾಕಿ ಕರಗಿದ ಮೇಲೆ, ಹೊತ್ತು ಇಳಿದ ಮೇಲೆ. ನಿಮ್ಮ ಫೋಟೋದಲ್ಲಿ ಗಿರಾಕಿಗಳು ಇಲ್ಲ ಅಲ್ಲವೇ? ಹಾಗಾದರೆ ಅದು ಮಧ್ಯಾಹ್ನದ ಮೇಲಿನದು.

ನಮ್ಮ ಅಮ್ಮನಿಗೆ ಪೇಟೆಯ ಅಂಗಡಿಗಳೆಲ್ಲ ಬಾಯಿಪಾಠ. ಹೇಗೆಂದರೆ ದೇವರ ಉತ್ಸವ ಬಂದಾಗ ಯಾವ ಅಂಗಡಿಯ ಮುಂದೆ ಮೊದಲು ಮಂಗಳಾರತಿ, ಆಮೇಲೆ ಯಾವುದು, ಎಂಬ ಕ್ರಮದಲ್ಲಿ ಹೇಳುತ್ತಿದ್ದಳು. ಬೋರ್ಡಿನ ಹೆಸರು ಯಾರಿಗೂ ಬೇಕಿರಲಿಲ್ಲ. ಮೆಟ್ಟಿಲಂಗಡಿ, ಗಡಿಯಾರದ ಅಂಗಡಿ, ಕುಳ್ಳನ ಅಂಗಡಿ, ಹೀಗೇ. ಗ್ರಂದಿಗೆ ಅಂಗಡಿ ಎಂದರೆ ನನಗೆ ನೆನಪಿಗೆ ಬರುವುದು ಎರಡು. ಒಂದರ ಎದುರಿಗೆ ಕಲಾಯಿ ಹಾಕುವವರು ಕೂರುತ್ತಿದ್ದರು. ನೆಲದಲ್ಲಿ ಗುಂಡಿ ತೋಡಿ ತಿದಿ ಒತ್ತುತ್ತಿದ್ದರು. ತಾಮ್ರದ ಹಂಡೆ ಕೆಂಪಗೆ ಕಾದ ಮೇಲೆ ಏನೋ ಬಿಳಿ ಪುಡಿ ಎರಚಿದರೆ ಬುಸ್ ಎಂದು ಹೊಗೆ ಏಳುತ್ತಿತ್ತು, ಮೂಗು ಹಿಡಿದುಕೊಂಡು ಓಡುತ್ತಿದ್ದೆವು. ನಿಮ್ಮ ತಾತನದು ಅದೋ ಇನ್ನೊಂದೋ ತಿಳಿಯದು. ಆ ಸಾಲದ ಪುಸ್ತಕವನ್ನು ಯಾಕೆ ಮೂಲೆಗೆ ಇಟ್ಟಿದ್ದೀಯೆ? ಅಕ್ಕಪಕ್ಕದ ಅಂಗಡಿಯವರು ಕಾಸು ಕೊಟ್ಟು ಕೊಳ್ಳುತ್ತಾರೆಯೇ? ಅವರದೆಲ್ಲ ಲೆಕ್ಕದಲ್ಲೇ. ಅದನ್ನು ಓದು.

ಗ್ರಂದಿಗೆ ಮೊಮ್ಮಗಳು, ಮೈಸೂರು

ಅಮ್ಮಾ, ನಿಮಗೆ ದೊಡ್ಡ ನಮಸ್ಕಾರ. ಕಚೇರಿಯಲ್ಲಿ ಇಂಥ ಪುಸ್ತಕ ಬಂದರೆ ಮೊದಲು ಅದನ್ನೇ ಕೇಳುವವಳು ನಾನು. ರಾತ್ರಿ ಕುಳಿತು ಓದಿದೆ.

ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ರಟ್ಟು. ಮೊದಲ ಹಾಳೆಯಲ್ಲಿ ಓಂಕಾರ, ಅದರ ಕೆಳಗೆ ‘ಪ್ಲವ ಸಂವತ್ಸರ’. 2021ರಲ್ಲಿ ಬಂದದ್ದು ಪ್ಲವ, ಅರವತ್ತು ವರ್ಷ ಹಿಂದಕ್ಕೆ ಎಣಿಸಿದರೆ 1961-62. ಬಿಲ್ ಪುಸ್ತಕದ ಕಾಲಕ್ಕೆ ಸರಿಯಾಗಿ ಕೂಡುತ್ತದೆ. ತೂಕದ ವಿಷಯದಲ್ಲಿ ತಾತ ಎರಡು ದೋಣಿಯಲ್ಲಿ ಕಾಲಿಟ್ಟಿದ್ದರು. ಮೆಟ್ರಿಕ್ ತೂಕ 1958ರಿಂದ ಹಂತ ಹಂತವಾಗಿ ಬಂದದ್ದಲ್ಲವೇ, ಅವರು ಒಂದು ಸಾಲಿನಲ್ಲಿ ‘100 ಗ್ರಾಂ’ ಎಂದು ಬರೆದು ಮುಂದಿನ ಸಾಲಿನಲ್ಲೇ ‘ಎರಡು ತೊಲ’ ಎನ್ನುತ್ತಾರೆ. ಹಳ್ಳಿಯ ಗಿರಾಕಿಗೆ ತೊಲ, ಸರ್ಕಾರಿ ನೌಕರರಿಗೆ ಗ್ರಾಂ. ಇದು ನನ್ನ ಊಹೆ, ಆದರೆ ಹೆಸರುಗಳನ್ನು ನೋಡಿದರೆ ಹಾಗೇ ಕಾಣುತ್ತದೆ.

ಹಳ್ಳಿಯವರ ಲೆಕ್ಕಕ್ಕೆ ಊರು, ಹೆಸರು ಎರಡೂ ಇವೆ. ಅಕ್ಕಪಕ್ಕದವರಿಗೆ ಹೆಸರೇ ಇಲ್ಲ! ದಿನಾ ಕಾಣುವ ಮುಖಕ್ಕೆ ಹೆಸರೇಕೆ ಎಂದುಕೊಂಡಿರಬೇಕು. ಬರೆದಿರುವುದು ಹೀಗೆ:

‘ಎದುರು ಕಲಾಯಿ ಸಾಹೇಬರು, ನವಸಾಗರ.’ ಇದು ವಾರ ವಾರವೂ ಬರುತ್ತದೆ. ಅಮ್ಮಾ, ನಿಮ್ಮ ಮೂಗಿಗೆ ಬಡಿದ ಬಿಳಿ ಪುಡಿ ನಮ್ಮ ತಾತನ ಅಂಗಡಿಯದೇ. ‘ಮೇಲಿನ ಅಕ್ಕಸಾಲಿಗರು, ಬಿಳಿಗಾರ.’ ‘ಕೆಳಗಿನ ಕ್ಷೌರದ ಅಂಗಡಿ, ಪಟಿಕ.’ ‘ಬೀದಿ ಹೋಟೆಲು, ಏಲಕ್ಕಿ, ಅಡುಗೆ ಸೋಡಾ, ಕೇಸರಿ ಬಣ್ಣ.’ ಹೋಟೆಲಿನವರ ಬಾಕಿ ಶುಭಕೃತು ಸಂವತ್ಸರಕ್ಕೂ ಮುಂದುವರಿದಿದೆ, ತೀರಿದ ಗುರುತು ಎಲ್ಲೂ ಇಲ್ಲ. ಚಿಕ್ಕಪ್ಪನಿಗೆ ಅಲ್ಲಿ ಪುಕ್ಕಟೆ ದೋಸೆ ಸಿಗುತ್ತಿತ್ತಂತೆ, ಬಹುಶಃ ಸಾಲ ತೀರಿದ್ದು ಆ ದಾರಿಯಲ್ಲಿ.

ಗಮನಿಸಿ, ಕಲಾಯಿಯವರಿಗೆ ‘ಎದುರು’ ಎಂದಿದೆ, ಹೋಟೆಲಿಗೆ ‘ಎದುರು’ ಎಂದಿಲ್ಲ, ‘ಬೀದಿ ಹೋಟೆಲು’ ಎಂದಿದೆ. ಚಿಕ್ಕಪ್ಪನ ವಾದ ಇಲ್ಲಿ ಸ್ವಲ್ಪ ಕುಂಟುತ್ತದೆ. ಈ ‘ಮೇಲಿನ’, ‘ಕೆಳಗಿನ’ ಎಂಬುದು ಯಾವ ದಿಕ್ಕು?

ಮದ್ದೂರಿನವನು

ಪೇಟೆಬೀದಿಯಲ್ಲಿ ನಮ್ಮದೂ ಅಂಗಡಿ ಇದೆ, ಪ್ಲಾಸ್ಟಿಕ್ ಸಾಮಾನು. ಇಷ್ಟು ಹೊತ್ತು ಓದುತ್ತಿದ್ದೆ.

ಕೆಳಗೆ ಎಂದರೆ ಶಿಂಷಾ ಹೊಳೆಯ ಕಡೆ. ನಮ್ಮ ತಂದೆ ಈಗಲೂ ಹಾಗೇ ಹೇಳುತ್ತಾರೆ. ಪೂರ್ವ ಪಶ್ಚಿಮ ಎಂದರೆ ಅವರಿಗೆ ಸಿಟ್ಟು ಬರುತ್ತದೆ.

ಕಲಾಯಿ ಗುಂಡಿ ಇದ್ದ ಜಾಗ ತಂದೆಗೆ ಗೊತ್ತು. ಅಡ್ಡಬೀದಿಯೊಂದು ಪೇಟೆಬೀದಿಗೆ ಬಂದು ಕೂಡುವ ಬಾಯಿಯಲ್ಲಿ. ಈಗ ಅಲ್ಲಿ ಹೂವು ಮಾರುತ್ತಾರೆ. ಅಡ್ಡಬೀದಿಯೊಳಗೆ ನಾಲ್ಕು ಹೆಜ್ಜೆ ಹೋದರೆ ಒಂದು ಬಾವಿ ಇತ್ತು, ಮೇಲೆ ಕಲ್ಲು ಹಾಕಿ ಮುಚ್ಚಿ ನೀರಿನ ತೊಂಬೆ ಇಟ್ಟರು. ನಿಮ್ಮ ಅತ್ತೆ ಹೇಳುವ ಬಾವಿ ಅದೇ ಇರಬೇಕು, ಪೇಟೆಯ ಆ ಭಾಗದಲ್ಲಿ ಬೇರೆ ಬಾವಿ ಇದ್ದದ್ದು ತಂದೆಗೆ ನೆನಪಿಲ್ಲ.

ಹೂವಿನವರ ಎದುರು, ಮೂಲೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಆ ಮೂಲೆ ಅಂಗಡಿಯ ಬಾಗಿಲು ಅಡ್ಡಬೀದಿಗೆ, ಒಂದು ಕಿಟಕಿ ಪೇಟೆಬೀದಿಗೆ. ವಿಳಾಸ ಪೇಟೆಬೀದಿ ಎಂದು ಹಾಕಿಸಿದ್ದರೆ ಆಶ್ಚರ್ಯವಿಲ್ಲ. ನಾನೂ ಇದ್ದಿದ್ದರೆ ಹಾಗೇ ಹಾಕಿಸುತ್ತಿದ್ದೆ, ಅಡ್ಡಬೀದಿ ಎಂದರೆ ಯಾರು ಬರುತ್ತಾರೆ?

ಸರಪಳಿ, ಮಂಡ್ಯ

ಅಜ್ಜಿಯವರ ಮಾತಿಗೆ ತಲೆಬಾಗಿದೆ. ಮಧ್ಯಾಹ್ನದ ಮೇಲಿನ ಫೋಟೋ ಎಂದಾದರೆ ಅಂಗಡಿ ದಕ್ಷಿಣಮುಖ. ಆಗ ಚಿತ್ರ ಸ್ಪಷ್ಟವಾಗುತ್ತದೆ. ಅಡ್ಡಬೀದಿ ಪೂರ್ವಪಶ್ಚಿಮವಾಗಿ ಇದ್ದರೆ, 1954ರ ಉತ್ತರಮುಖದ ಅಂಗಡಿ ಅದರ ತೆಂಕಣ ಸಾಲಿನಲ್ಲಿ, ಬಾವಿಯ ಹತ್ತಿರ. ಆಮೇಲಿನದು ಅದೇ ಬೀದಿಯ ಬಡಗಣ ಸಾಲಿನಲ್ಲಿ, ಮೂಲೆಯಲ್ಲಿ. ವ್ಯಾಪಾರ ಕುದುರಿದ ಮೇಲೆ ಪೇಟೆಯ ಬಾಯಿಗೆ ಸರಿದಿದ್ದಾರೆ. ಮದ್ದೂರಿನವರೇ, ಮೊಬೈಲಿನ ದಿಕ್ಸೂಚಿ ಹಿಡಿದು ಆ ಅಂಗಡಿಯ ಮುಖ ಯಾವ ಕಡೆ ಎಂದು ನೋಡುತ್ತೀರಾ? ಕಬ್ಬಿಣದ ಷಟರಿಗೆ ತೀರಾ ಹತ್ತಿರ ಹಿಡಿಯಬೇಡಿ, ಮುಳ್ಳು ತಪ್ಪು ತೋರಿಸುತ್ತದೆ.

ಇನ್ನೊಂದು ಕೆಲಸ. ಹಲಗೆ ಬಾಗಿಲಿನ ಅಂಗಡಿಗಳಲ್ಲಿ ಹೊಸ್ತಿಲಿನಲ್ಲೂ ಮೇಲಿನ ತೊಲೆಯಲ್ಲೂ ಹಲಗೆ ಕೂರುವುದಕ್ಕೆ ಉದ್ದಕ್ಕೆ ತೋಡು ಕೊರೆದಿರುತ್ತಾರೆ. ಒಂದು ಕೊನೆಯಲ್ಲಿ ಮಾತ್ರ ತೋಡು ಅಗಲವಾಗಿರುತ್ತದೆ, ಹಲಗೆಯನ್ನು ಅಲ್ಲಿ ಒಳಕ್ಕೆ ಇಳಿಸಿ ಒಂದೊಂದಾಗಿ ತಳ್ಳುವುದು. ಅದಕ್ಕೇ ಹಲಗೆಗಳಿಗೆ ಸಂಖ್ಯೆ, ಕ್ರಮ ತಪ್ಪಿದರೆ ಕೊನೆಯದು ಕೂರುವುದಿಲ್ಲ. ಷಟರು ಹಾಕಿಸುವವರು ಕಲ್ಲಿನ ಹೊಸ್ತಿಲನ್ನು ಕೀಳುವುದು ಕಡಿಮೆ, ಅದರ ಮುಂದೆಯೇ ಷಟರು ಕೂರಿಸುತ್ತಾರೆ. ಫೋಟೋದ ಮುಂದಿನ ಹಲಗೆಯ ಮೇಲೆ ‘೯’ ಇರುವುದರಿಂದ ಒಟ್ಟು ಒಂಬತ್ತು ಹಲಗೆ ಇದ್ದಂತೆ ಕಾಣುತ್ತದೆ. ಹಲಗೆಯ ಅಗಲವನ್ನು ತಾತನ ಎತ್ತರಕ್ಕೆ ಹೋಲಿಸಿ ಹೇಳಿದರೆ ಬಾಗಿಲಿನ ಅಗಲ ಎಷ್ಟಿರಬೇಕು ಎಂದು ಲೆಕ್ಕ ಹಾಕಬಹುದು.

ಗ್ರಂದಿಗೆ ಮೊಮ್ಮಗಳು, ಮೈಸೂರು

ತಾತ ಐದಡಿ ಆರಂಗುಲ, ಇದರಲ್ಲಿ ಮಾತ್ರ ಮನೆಯಲ್ಲಿ ಒಮ್ಮತವಿದೆ. ಟೋಪಿ ಬಿಟ್ಟು ಅಳೆದೆ. ಅವರೂ ಹಲಗೆಗಳೂ ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದಾರೆ. ಮುಂದಿನ ಹಲಗೆ ಒಂಬತ್ತು ಅಂಗುಲದಷ್ಟು ಬರುತ್ತದೆ. ಒಂಬತ್ತೊಂಬತ್ತಲ ಎಂಬತ್ತೊಂದು ಅಂಗುಲ, ಅಂದರೆ ಆರು ಮುಕ್ಕಾಲು ಅಡಿ.

ಮದ್ದೂರಿನವನು

ಹೋಗಿ ನೋಡಿದೆ. ಮುಖ ದಕ್ಷಿಣಕ್ಕೇ ಇದೆ, ಒಂದಿಷ್ಟು ಪೂರ್ವಕ್ಕೆ ವಾಲಿದೆ.

ಷಟರಿನ ಹಿಂದೆ ಕಲ್ಲಿನ ಹೊಸ್ತಿಲು ಇದೆ. ತೋಡಿಗೆ ಅರ್ಧದಷ್ಟು ಸಿಮೆಂಟ್ ಮೆತ್ತಿದ್ದಾರೆ, ಉಳಿದ ಅರ್ಧದಲ್ಲಿ ಮೊಬೈಲಿನ ಸಣ್ಣ ಸಣ್ಣ ಸ್ಕ್ರೂ ತುಂಬಿವೆ. ಮೇಲಿನ ತೊಲೆಯ ತೋಡು ಪೂರ್ತಿ ಕಾಣುತ್ತದೆ, ಎಡಗಡೆಯ ಕೊನೆಯಲ್ಲಿ ಅಗಲವಾಗಿದೆ. ಟೇಪು ಹಿಡಿದೆ. ಗೋಡೆಯಿಂದ ಗೋಡೆಗೆ ಆರಡಿ ಹತ್ತಂಗುಲ. ಅಂಗಡಿಯ ಹುಡುಗ ‘ಏನು ಸಾರ್, ಒಡೆಯುತ್ತಾರಾ?’ ಎಂದು ಹೆದರಿಕೊಂಡ. ಟೇಪು ಹಿಡಿದವರನ್ನು ಕಂಡರೆ ಈ ಬೀದಿಯಲ್ಲಿ ಈಗ ಎಲ್ಲರಿಗೂ ಅದೇ ಭಯ. ಚಹಾ ಕುಡಿಸಿ ವಿಷಯ ಹೇಳಿದೆ.

ಕಲ್ಲಿನ ಜಗಲಿ ಇಲ್ಲ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಬೀದಿಯೇ ಏರಿದೆ, ಜಗಲಿ ಕೆಳಗೆ ಹೂತಿದೆಯೋ ಚರಂಡಿ ಮಾಡುವಾಗ ಕಿತ್ತರೋ ಗೊತ್ತಿಲ್ಲ.

ಪತ್ರಬರಹಗಾರ, ಮಳವಳ್ಳಿ

ಹೊಸ್ತಿಲು ಸಿಕ್ಕಿದ್ದು ಸಂತೋಷ. ಕಾಗದದ ಆಧಾರವೂ ಬೇಕು ಎನ್ನುವವರಿಗೆ ಎರಡು ಮಾತು.

1954ರ ಬಾಡಿಗೆ ಕರಾರು ನೋಂದಣಿ ಕಚೇರಿಯಲ್ಲಿ ಸಿಗುತ್ತದೆಂದು ಹುಡುಕಿ ಕಾಲ ಕಳೆಯಬೇಡಿ. ವರ್ಷಕ್ಕಿಂತ ಹೆಚ್ಚಿನ ಅವಧಿಯ ಅಥವಾ ವರ್ಷದ ಲೆಕ್ಕದ ಬಾಡಿಗೆಗೆ ಮಾತ್ರ ನೋಂದಣಿ ಕಡ್ಡಾಯ, ತಿಂಗಳ ಬಾಡಿಗೆಯ ಕರಾರನ್ನು ಯಾರೂ ನೋಂದಾಯಿಸುತ್ತಿರಲಿಲ್ಲ. ಹುಡುಕಬೇಕಾದದ್ದು ಮಾಲೀಕರ ಕ್ರಯಪತ್ರ ಅಥವಾ ವಿಭಾಗಪತ್ರ. ಅವು ಉಪನೋಂದಣಿ ಕಚೇರಿಯ 1ನೇ ಪುಸ್ತಕದಲ್ಲಿ ಇರುತ್ತವೆ. ಅದಕ್ಕೆ ಎರಡು ಸೂಚಿ, ಒಂದನೆಯದು ಕೊಟ್ಟವರ ಮತ್ತು ಕೊಂಡವರ ಹೆಸರಿನಿಂದ, ಎರಡನೆಯದು ಸ್ವತ್ತಿನಿಂದ. 1ನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನೋಂದಣಿ ಕಾಯ್ದೆಯ 57ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಋಣಭಾರ ಪತ್ರ ತೆಗೆಸುವುದಾದರೆ ಆನ್‌ಲೈನಿನಲ್ಲಿ ಸಿಗುವುದು 2004ರಿಂದ ಈಚಿನದು, ಹಳೆಯದಕ್ಕೆ ಕಚೇರಿಗೇ ಹೋಗಬೇಕು. ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ 16 ಕೊಡುತ್ತಾರೆ.

ಆದರೆ ನಿಮ್ಮ ಮಾಲೀಕರ ಪತ್ರಕ್ಕಿಂತ ಪಕ್ಕದವರ ಪತ್ರ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಾನು ಇಷ್ಟು ವರ್ಷ ಪತ್ರ ಬರೆದು ಕಂಡದ್ದು ಇದು. ಮಾಲೀಕ ತನ್ನ ಪತ್ರದಲ್ಲಿ ಬಾಡಿಗೆದಾರನ ಹೆಸರು ಹಾಕಿಸುವುದಿಲ್ಲ, ಎಲ್ಲಿ ಹಕ್ಕು ಬರುತ್ತದೋ ಎಂಬ ಅಂಜಿಕೆ. ಪಕ್ಕದವನಿಗೆ ಆ ಅಂಜಿಕೆ ಇಲ್ಲ, ಚಕ್ಕುಬಂದಿಯಲ್ಲಿ ‘ಪಶ್ಚಿಮಕ್ಕೆ ಗ್ರಂದಿಗೆ ಅಂಗಡಿ’ ಎಂದು ಧಾರಾಳವಾಗಿ ಬರೆಸಿರುತ್ತಾನೆ. ಅಕ್ಕಸಾಲಿಗರ ಮನೆಯ ಪತ್ರ ಹುಡುಕಿಸಿ. 1954ರ ಜಾಗಕ್ಕೆ ಗಾಣದವರ ಮನೆಯ ಪತ್ರ.

ಪುರಸಭೆಯ ಹಳೆಯ ಅಸೆಸ್‌ಮೆಂಟ್ ವಹಿಯಲ್ಲಿ ಒಮ್ಮೊಮ್ಮೆ ಅನುಭವದಾರರ ಕಲಮಿನಲ್ಲಿ ಬಾಡಿಗೆದಾರರ ಹೆಸರು ಇರುತ್ತದೆ. ಸಂಖ್ಯೆಗಳು ಬದಲಾಗುತ್ತ ಬಂದಿರುತ್ತವೆ, ‘ಹಳೆಯ ನಂಬರು, ಹೊಸ ನಂಬರು’ ಎರಡೂ ಇರುವ ವಹಿಯನ್ನು ಕೇಳಿ. ತಾತನ ಹಳೆಯ ಕರೆಂಟ್ ಬಿಲ್ಲು ಇದೆಯೇ? ಅದರಲ್ಲಿನ ಆರ್.ಆರ್. ನಂಬರು, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆ, ಕಟ್ಟಡಕ್ಕೆ ಅಂಟಿಕೊಂಡಿರುತ್ತದೆ, ಬಾಡಿಗೆದಾರ ಬದಲಾದರೂ ಸಾಮಾನ್ಯವಾಗಿ ಅದು ಬದಲಾಗುವುದಿಲ್ಲ. ಮುಂದಿನ ಅಕ್ಷರಗಳು ಬೇರೆಯಾಗಿರಬಹುದು, ಅಂಕಿಯನ್ನು ನೋಡಿ.

ಹೊಳೆಬೀದಿ ಅಜ್ಜಿ, ಬೆಂಗಳೂರು

ಅಕ್ಕಸಾಲಿಗರ ಮನೆ ಎರಡು ಇದ್ದವು, ಅಣ್ಣ ತಮ್ಮಂದಿರು. ಮಾತು ಬಿಟ್ಟಿದ್ದರು. ಯಾರ ಪತ್ರ ಎಂದು ಸರಿಯಾಗಿ ನೋಡಿ.

ಗ್ರಂದಿಗೆ ಮೊಮ್ಮಗಳು, ಮೈಸೂರು

ಎಲ್ಲರಿಗೂ ಋಣಿ. ಕರೆಂಟ್ ಬಿಲ್ಲು ಒಂದೂ ಇಲ್ಲ. ಆದರೆ ಸಾಲದ ಪುಸ್ತಕದ ಹಿಂಬದಿಯ ರಟ್ಟಿನ ಒಳಗೆ ತಾತ ಪೆನ್ಸಿಲಿನಲ್ಲಿ ‘ಮೀಟರ್ 217’ ಎಂದು ಬರೆದುಕೊಂಡಿದ್ದಾರೆ. ಅದು ಆರ್.ಆರ್. ನಂಬರೋ ಮೀಟರಿನ ಓದೋ ತಿಳಿಯುತ್ತಿಲ್ಲ. ಮದ್ದೂರಿನವರೇ, ರಿಪೇರಿ ಅಂಗಡಿಯ ಕರೆಂಟ್ ಬಿಲ್ಲಿನ ಅಂಕಿ ಎಷ್ಟು ಎಂದು ಆ ಹುಡುಗನನ್ನು ಕೇಳಬಹುದೇ? ಇನ್ನೊಂದು ಚಹಾದ ದುಡ್ಡು ನನ್ನ ಲೆಕ್ಕಕ್ಕೆ ಬರೆಯಿರಿ.

ದೊಡ್ಡತ್ತೆಗೂ ಚಿಕ್ಕಪ್ಪನಿಗೂ ಎಲ್ಲವನ್ನೂ ಓದಿ ಹೇಳಿದೆ. ಈಗ ಹೊಸ ಜಗಳ: ಅಂಗಡಿ ಬಾವಿಯ ಪಕ್ಕದಿಂದ ಮೂಲೆಗೆ ಸರಿದದ್ದು ಯಾರು ಹುಟ್ಟಿದ ಅದೃಷ್ಟದಿಂದ ಎಂದು.

ಮದ್ದೂರಿನವನು

ಕೇಳಿದೆ. ಬಿಲ್ಲು ಕಟ್ಟಡದ ಮಾಲೀಕರ ಹತ್ತಿರ ಇದೆಯಂತೆ, ಅವರು ಮಂಡ್ಯದಲ್ಲಿದ್ದಾರೆ, ತಿಂಗಳ ಮೊದಲ ವಾರ ಬಾಡಿಗೆಗೆ ಬರುತ್ತಾರೆ. ಆಗ ನೀವೇ ಬಂದರೆ ಒಳ್ಳೆಯದು. ಫೋಟೋದ ಪ್ರತಿಯನ್ನೂ ಆ ಸಾಲದ ಪುಸ್ತಕವನ್ನೂ ತನ್ನಿ, ನಮ್ಮ ತಂದೆ ನೋಡಬೇಕು ಎನ್ನುತ್ತಿದ್ದಾರೆ. ನಮ್ಮ ತಾತನ ಹೆಸರಿನಲ್ಲಿ ಬಾಕಿ ಏನಾದರೂ ಇದ್ದರೆ ಮೊದಲೇ ಹೇಳಿಬಿಡಿ.